ಡಿಸ್ಚಾರ್ಜ್ ಪುಸ್ತಕಕ್ಕೆ ಇನ್ನೊಂದು ಹಾಳೆ ಸೇರಿಸಿ: ಚಿತ್ರದುರ್ಗದ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ, ನಮಸ್ಕಾರ.

ನಾನು ಹಿರಿಯೂರಿನವನು. ಸೇನೆಯಲ್ಲಿ ವೆಹಿಕಲ್ ಮೆಕ್ಯಾನಿಕ್ ಆಗಿದ್ದು ಹವಾಲ್ದಾರ್ ಆಗಿ ನಿವೃತ್ತನಾದೆ. ಗಡಿಯ ಗುಂಡಿನ ಕಥೆ ನನ್ನ ಹತ್ತಿರ ಇಲ್ಲ. ಇದು ವರ್ಕ್‌ಶಾಪಿನ ಕಥೆ.

ಲಾರಿಯ ಬ್ರೇಕ್ ಡ್ರಮ್ ಬಿಚ್ಚಿದರೆ ಒಳಗೆ ಬೂದಿಯಂಥ ಪುಡಿ ಇರುತ್ತಿತ್ತು. ಏರ್ ಪೈಪ್ ಹಿಡಿದು ಊದಿಬಿಡುತ್ತಿದ್ದೆವು. ಮೂಗಿಗೆ ಕರ್ಚೀಫು ಕಟ್ಟಿಕೊಂಡವನೇ ಜಾಣ. ಆಗಿನ ಬ್ರೇಕ್ ಲೈನರ್‌ಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಮಾಮೂಲಿ. ಗ್ರೀಸ್ ಹತ್ತಿದ ಪಾರ್ಟ್ಸ್ ತೊಳೆಯೋಕೆ ಪೆಟ್ರೋಲ್, ಕೈ ತೊಳೆಯೋಕೂ ಅದೇ. ಬೆರಳೆಲ್ಲ ಬೆಳ್ಳಗಾಗಿ ಬಿರಿಯುತ್ತಿತ್ತು. ಪೆಟ್ರೋಲಿನಲ್ಲಿರುವ ಬೆಂಜೀನ್ ರಕ್ತದ ಕ್ಯಾನ್ಸರ್ ತರಬಲ್ಲದು ಅಂತ ನಮಗೆ ಯಾರೂ ಹೇಳಲಿಲ್ಲ. ದಾವಣಗೆರೆಯ ಗ್ಯಾರೇಜ್ ಹುಡುಗರಿಗೆ ಇವತ್ತಿಗೂ ಹೇಳಿರಲಿಕ್ಕಿಲ್ಲ, ಆ ಮಾತು ಬೇರೆ.

ಕಲ್ನಾರಿನ ಧೂಳು ಒಳಗೆ ಹೋದರೆ ಕಾಯಿಲೆ ಕಾಣಿಸಿಕೊಳ್ಳೋಕೆ 20ರಿಂದ 40 ವರ್ಷ ಹಿಡಿಯಬಹುದು. ನಾವೋ ನಲವತ್ತರ ಆಸುಪಾಸಿಗೇ ಮನೆಗೆ ಬಂದಿರುತ್ತೇವೆ. ಸೇರುವಾಗ ಬರೆದಿರದ ಕಾಯಿಲೆಯಿಂದ ಸೈನಿಕನನ್ನು ಮನೆಗೆ ಕಳಿಸಿದರೆ, ಅದು ಸೇವೆಯಿಂದಲೇ ಬಂದದ್ದೆಂದು ತಿಳಿಯಬೇಕು, ಅಲ್ಲ ಅನ್ನುವುದಾದರೆ ಸರ್ಕಾರವೇ ತೋರಿಸಬೇಕು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಳ್ಳೆಯ ತೀರ್ಪು. ಆದರೆ ಅರವತ್ತಕ್ಕೆ ಕೆಮ್ಮು ಶುರುವಾದವನು ಏನು ಹಿಡಿದುಕೊಂಡು ಹೋಗಬೇಕು? ಸೇನೆ ಬಿಡುವಾಗ ಕೊಟ್ಟ ನನ್ನ ಡಿಸ್ಚಾರ್ಜ್ ಪುಸ್ತಕದಲ್ಲಿ ಟ್ರೇಡ್, ಅಂದರೆ ಮಾಡಿದ ಕಸುಬು, ಇದೆ, ಪದಕ ಇದೆ, ನಡತೆಯೂ ಇದೆ. ಮೂಗಿಗೆ ಏನು ಹೋಯಿತು ಅನ್ನೋದು ಇಲ್ಲ. ಆಸ್ಪತ್ರೆಯಲ್ಲೂ ಕೇಳಿದ್ದು ಒಂದೇ ಪ್ರಶ್ನೆ: "ಬೀಡಿ ಸೇದ್ತೀರಾ?"

ನನ್ನ ಕೆಮ್ಮಿಗೆ ಆ ಧೂಳೇ ಕಾರಣ ಅಂತ ನಾನು ಹಟ ಹಿಡಿಯುತ್ತಿಲ್ಲ. ಹೌದೋ ಅಲ್ಲವೋ ನೋಡೋಕೂ ಒಂದು ಕಾಗದ ಇಲ್ಲವಲ್ಲ, ಅದೇ ನನ್ನ ತಕರಾರು.

ಅಮೆರಿಕದಲ್ಲಿ 2022ರಲ್ಲಿ ಪ್ಯಾಕ್ಟ್ ಕಾಯ್ದೆ ಬಂತು. ಇರಾಕ್, ಅಫ್ಘಾನಿಸ್ತಾನದಲ್ಲಿ ಕಸ ಸುಡುವ ಗುಂಡಿಗಳ ಹೊಗೆ ಕುಡಿದವರಿಗೆ ಪಟ್ಟಿಯಲ್ಲಿರುವ ಕಾಯಿಲೆ ಬಂದರೆ, ಸೇವೆಯೇ ಕಾರಣ ಅಂತ ಅವರು ಸಾಬೀತು ಮಾಡಬೇಕಿಲ್ಲ. ಅದೂ ಸುಮ್ನೆ ಬಂದದ್ದಲ್ಲ. ವಿಯೆಟ್ನಾಂನಲ್ಲಿ 1971ರವರೆಗೆ ಸಿಂಪಡಿಸಿದ, ಕಾಡಿನ ಎಲೆ ಉದುರಿಸುವ ವಿಷ ಏಜೆಂಟ್ ಆರೆಂಜ್‌ನ ಕಾಲದಿಂದ ಅಲ್ಲಿನ ಮಾಜಿ ಸೈನಿಕರು ಬಡಿದಾಡಿದ್ದಾರೆ.

ನಾನು ಅಷ್ಟು ದೊಡ್ಡ ಕಾಯ್ದೆ ಕೇಳುತ್ತಿಲ್ಲ. ಯಾವ ಟ್ರೇಡಿನವನು ಯಾವ ರಾಸಾಯನಿಕ ಮುಟ್ಟಿದ, ಎಷ್ಟು ವರ್ಷ ಮುಟ್ಟಿದ ಅಂತ ಡಿಸ್ಚಾರ್ಜ್ ಹೊತ್ತಿಗೆ ಒಂದು ಹಾಳೆ ಬರೆದುಕೊಡಲಿ. ಮಾಜಿ ಸೈನಿಕರ ಚಿಕಿತ್ಸಾ ಯೋಜನೆ ಇಸಿಎಚ್‌ಎಸ್ 2003ರಿಂದ ಇದೆ, ಕಾರ್ಡೂ ಇದೆ. ಅಲ್ಲಿ ಇಂಥ ಟ್ರೇಡಿನವರ ಎದೆ ಮತ್ತು ರಕ್ತದ ಪರೀಕ್ಷೆ ವರ್ಷಕ್ಕೊಮ್ಮೆ ಆಗಲಿ. ಆಗಲೇ ಮನೆಗೆ ಬಂದಿರುವ ನಮ್ಮಂಥವರಿಗೆ ಟ್ರೇಡ್ ನೋಡಿಯೇ ಆ ಹಾಳೆ ತುಂಬಬಹುದು, ಅಲ್ವಾ?

ಮುಂದಿನ ಅಧಿವೇಶನದಲ್ಲಿ ರಕ್ಷಣಾ ಸಚಿವರನ್ನು ಇದರ ಬಗ್ಗೆ ಕೇಳಿ ಸಾರ್. ಉತ್ತರ "ಆಗಲ್ಲ" ಅಂತಲೇ ಬಂದರೂ ಲಿಖಿತವಾಗಿ ಬರಲಿ.

ಇಂತಿ,
ಹಿರಿಯೂರಿನ ಮಾಜಿ ಸೈನಿಕ