ಮನೋಧರ್ಮಕ್ಕೂ ರಿಹರ್ಸಲ್ ಬೇಕು

ಸಂಪಾದಕರಿಗೆ ನಮಸ್ಕಾರ,

ಕರ್ನಾಟಕ ಸಂಗೀತ ಕಚೇರಿಯಲ್ಲಿ ಮನೋಧರ್ಮಕ್ಕೆ, ಅಂದ್ರೆ ಆ ಕ್ಷಣಕ್ಕೆ ಹೊಳೆದದ್ದನ್ನ ಹಾಡೋಕೆ, ನುಡಿಸೋಕೆ, ರಿಹರ್ಸಲ್ ಯಾಕೆ, ಮಾಡಿದ್ರೆ ಅದು ಮನೋಧರ್ಮ ಹೇಗಾಗತ್ತೆ ಅಂತ ಹಾಡೋರು, ನುಡಿಸೋರು, ಕೇಳೋರು ಎಲ್ಲರೂ ಹೇಳ್ತಾರೆ, ನಾವು ಮೊದಲ ಸಲ ಭೇಟಿ ಆಗಿದ್ದೇ ಸ್ಟೇಜ್ ಮೇಲೆ ಅಂತ ಹೆಮ್ಮೆಯಿಂದ ಹೇಳ್ಕೊಳ್ಳೋರೂ ಇದ್ದಾರೆ. ನಂಗೆ ಇದು ಒಪ್ಪೋಕಾಗಲ್ಲ.

ತನಿ ಆವರ್ತನಾನೇ ತಗೊಳ್ಳಿ, ಅಂದ್ರೆ ಕಚೇರಿ ಮಧ್ಯೆ ತಾಳವಾದ್ಯದೋರು ಮಾತ್ರ ನುಡಿಸೋ ಭಾಗ. ಮೃದಂಗ, ಘಟ ಇಬ್ಬರೂ ಸರದಿ ಮೇಲೆ ನುಡಿಸ್ತಾ, ಸರದಿ ಚಿಕ್ಕದು ಮಾಡ್ತಾ ಬಂದು, ಕೊನೆಗೆ ಒಟ್ಟಿಗೆ ಮೋಹರಾ (ಮುಕ್ತಾಯಕ್ಕೆ ಮುಂಚಿನ ಲಯದ ಪಟ್ಟು) ಹಿಡಿದು ಕೋರ್ವೆ (ಲೆಕ್ಕ ಹಾಕಿ ಕಟ್ಟಿದ ಮುಕ್ತಾಯ) ಮೂರು ಸಲ ನುಡಿಸ್ತಾರೆ, ಮೂರನೇದು ಮುಗಿಯೋ ಜಾಗಕ್ಕೆ ಸರಿಯಾಗಿ ಗಾಯಕರು ಸಾಹಿತ್ಯ ಎತ್ಕೋಬೇಕು. ಆದಿತಾಳದ 32 ಅಕ್ಷರದಲ್ಲಿ ಎಡುಪು (ಸಾಹಿತ್ಯ ಶುರುವಾಗೋ ಜಾಗ) ಸಮದಲ್ಲಿ, ಅಂದ್ರೆ ತಾಳದ ಮೊದಲ ಏಟಲ್ಲಿ, ಇಲ್ದೆ ಒಂದೂವರೆ ಏಟು ಬಿಟ್ಟು ಇದ್ರಂತೂ ಲೆಕ್ಕ ಇನ್ನೂ ಬಿಗಿ. ಆ ಕೋರ್ವೆ ಘಟದವರ ಕಿವಿಗೆ ಬೀಳೋದೇ ಅಲ್ಲಿ ಅಂದ್ರೆ, ಮೊದಲ ಸಲ ಬರೀ ಕೇಳಿಸ್ಕೊಂಡು, ಎರಡನೇ ಸಲ ಅಲ್ಲಲ್ಲಿ ತಟ್ಟಿ, ಮೂರನೇ ಸಲಕ್ಕೆ ಹೇಗೋ ಸೇರ್ಕೊಳ್ತಾರೆ. ದೊಡ್ಡ ವಿದ್ವಾಂಸರು ಇದನ್ನೂ ಸೊಗಸಾಗಿ ಮಾಡ್ತಾರೆ, ನಿಜ, ಆದ್ರೆ ಅಷ್ಟೂ ಹೊತ್ತು ಮನಸ್ಸೆಲ್ಲ ಲೆಕ್ಕದ ಮೇಲೇ ಇದ್ರೆ ಹೊಸದು ಹೊಳೆಯೋದು ಯಾವಾಗ?

ರಿಹರ್ಸಲ್ ಬೇಡ ಅನ್ನೋಕೆ ಜಾಝ್ ಪ್ರಿಯರು ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಹೆಸರು ಎತ್ತುತ್ತಾರೆ. 1959ರ 'ಕೈಂಡ್ ಆಫ್ ಬ್ಲೂ' ಆಲ್ಬಮ್ ರೆಕಾರ್ಡಿಂಗ್‌ಗೆ ಅವರು ಸ್ಕೇಲ್‌ಗಳ ಚಿಕ್ಕ ಟಿಪ್ಪಣಿ ಮಾತ್ರ ಕೊಟ್ಟಿದ್ರು, ಅದು ಸರಿ. ಆದ್ರೆ ಅಲ್ಲಿ ಕೂತಿದ್ದ ಕೋಲ್ಟ್ರೇನ್, ಆಡರ್ಲಿ, ಪಾಲ್ ಚೇಂಬರ್ಸ್ ಅದಕ್ಕೆ ಮುಂಚಿಂದಾನೇ ಅವರ ಬ್ಯಾಂಡಿನಲ್ಲಿ ಒಟ್ಟಿಗೆ ನುಡಿಸ್ತಾ ಇದ್ದೋರು, ಬಿಲ್ ಇವಾನ್ಸ್ ಕೂಡ 1958ರಲ್ಲಿ ಅದೇ ಬ್ಯಾಂಡಿನಲ್ಲಿ ಇದ್ದೋರು. ಒಬ್ಬರು ಉಸಿರು ಎಳ್ಕೊಂಡ್ರೆ ಇನ್ನೊಬ್ಬರಿಗೆ ಗೊತ್ತಾಗೋ ಅಷ್ಟು ಒಡನಾಟ ಅದು. ಆ ಒಡನಾಟ ಇಲ್ದೆ ಟಿಪ್ಪಣಿ ಮಾತ್ರ ಕೊಟ್ಟಿದ್ರೆ ಏನಾಗ್ತಿತ್ತೋ ಯೋಚಿಸಿ.

ಹಾಗಂತ ಕಲ್ಪನಾ ಸ್ವರಾನ (ಆ ಕ್ಷಣಕ್ಕೆ ಕಟ್ಟಿ ಹಾಡಬೇಕಾದ ಸ್ವರಗಳನ್ನ) ಮನೇಲಿ ಪುಸ್ತಕದಲ್ಲಿ ಬರ್ಕೊಂಡು ಬಾಯಿಪಾಠ ಮಾಡಿ, ಈಗಷ್ಟೇ ಹೊಳೆದ ಹಾಗೆ ಹಾಡೋದನ್ನ ನಾನು ಖಂಡಿತ ಒಪ್ಪಲ್ಲ, ಅದು ಕೇಳುಗರಿಗೆ ಮಾಡೋ ಮೋಸ. ಒಟ್ಟಿಗೆ ಕೂತು ನೋಡ್ಕೋಬೇಕಾದ್ದು ಶ್ರುತಿ, ಕಾಲಪ್ರಮಾಣ (ಹಾಡಿನ ವೇಗ), ನಡೆ (ಪ್ರತಿ ಏಟಿನ ಒಳಗಿನ ಎಣಿಕೆ) ಬದಲಾಯಿಸೋವಾಗ ಯಾರು ಸನ್ನೆ ಮಾಡ್ತಾರೆ, ಸ್ವರ ಎಲ್ಲಿ ಬಿಟ್ಟುಕೊಡ್ತಾರೆ, ಮುಕ್ತಾಯ ಯಾರು ಕಟ್ತಾರೆ, ಇಂಥವು. ಅದರ ಮಧ್ಯೆ ಏನು ಹಾಡ್ತಾರೆ ಅನ್ನೋದನ್ನ ಆ ಕ್ಷಣಕ್ಕೇ ಬಿಡಿ.

ಇನ್ನೊಂದು ವಿಷಯ ಹೇಳಲೇಬೇಕು. ಅಪರೂಪದ ರಾಗ ಎತ್ಕೊಂಡು, ಪಕ್ಕದಲ್ಲಿ ಕೂತ ಪಿಟೀಲಿನೋರಿಗೆ ಮುಂಚೆ ಒಂದು ಮಾತೂ ಹೇಳದೇ ಇರೋದು ಪಾಂಡಿತ್ಯ ಅಲ್ಲ. ಗಾಯಕರ ಆಲಾಪನೆಯ ನೆರಳು ಹಿಡ್ಕೊಂಡೇ ಅವರು ತಮ್ಮ ಸರದಿಯ ಆಲಾಪನೆ ಕಟ್ಟಬೇಕು, ಸ್ವರಸ್ಥಾನ ಹುಡುಕೋದ್ರಲ್ಲೇ ಸಮಯ ಹೋದ್ರೆ ನಷ್ಟ ಕೇಳೋ ನಮಗೂ ಆಗತ್ತೆ. ಹಿಂದಿನ ದಿನ ಒಂದು ಫೋನ್ ಮಾಡಿ ರಾಗ, ತಾಳ, ಎಡುಪು ಹೇಳ್ಬಿಡಿ. ಆಯೋಜಕರು ಕೂಡ ಕಚೇರಿಗೆ ಮುಂಚೆ ಒಂದು ಗಂಟೆನಾದ್ರೂ ಕಲಾವಿದರಿಗೇ ಅಂತ ವೇದಿಕೆ ಬಿಟ್ಟುಕೊಡ್ಲಿ, ಮೈಕ್ ಟೆಸ್ಟಿಂಗ್ ಅಂತ ಹಲೋ ಹಲೋ ಅಂದು ಎಬ್ಬಿಸಿ ಕಳಿಸೋದು ನಿಲ್ಲಲಿ.

ಇಂತಿ,
ಒಬ್ಬ ಕೇಳುಗ