ಕಣ್ಣೀರು ಯಾರದು: ವಿಮರ್ಶೆ ಬರೆಯಹೊರಟ ಕಿರಿಯಳಿಗೆ ಒಂದು ಪತ್ರ

ವಿರಾಜಪೇಟೆ
ಕಕ್ಕಡ ಮಾಸ

ಪ್ರೀತಿಯ ಮಗುವಿಗೆ ಆಶೀರ್ವಾದಗಳು.

ನಿನ್ನ ವಿಮರ್ಶೆಯ ಕರಡು ಕೈಸೇರಿ ಹದಿನೈದು ದಿನಗಳಾದವು. ಉತ್ತರ ತಡವಾದದ್ದಕ್ಕೆ ಮಳೆಯೊಂದೇ ಕಾರಣವಲ್ಲ. ಕರಡಿನ ಜೊತೆಗೆ ನೀನು ಬಿಟ್ಟುಹೋದ, ಟ್ರೇಸಿ ಡಿಯಾನ್ ಅವರ ‘ಲೆಜೆಂಡ್‌ಬಾರ್ನ್’ ಎಂಬ ಇಂಗ್ಲಿಷ್ ಕಾದಂಬರಿ ಸರಣಿಯ ಎರಡು ದಪ್ಪ ಸಂಪುಟಗಳನ್ನು ಓದದೆ ಅದರ ಬಗ್ಗೆ ಮಾತಾಡುವುದು ಸರಿಯಲ್ಲವೆನಿಸಿತು. ತಂತಿಯ ಮೇಲೆ ಸಿಲ್ವರ್ ಮರ ಬಿದ್ದು ನಾಲ್ಕು ದಿನ ಕರೆಂಟು ಇರಲಿಲ್ಲ. ಎರಡನೆಯ ಸಂಪುಟದ ಮುಕ್ಕಾಲು ಪಾಲನ್ನು ಕಿಟಕಿಯ ಬೆಳಕಿನಲ್ಲೇ ಓದಿದೆ. ನಿನ್ನ ತಾಯಿಗೂ ಕನ್ನಡ ಪಾಠ ಹೇಳಿದವಳಾದ್ದರಿಂದ ನಿನ್ನನ್ನು ಏಕವಚನದಲ್ಲೇ ಕರೆಯುತ್ತೇನೆ. ‘ಟೀಚರ್, ಕೆಂಪು ಶಾಯಿಯಲ್ಲಿ ತಿದ್ದಿ ಕೊಡಿ’ ಎಂದಿದ್ದೆ. ಕೆಂಪು ಶಾಯಿ ಬಿಟ್ಟು ಎಷ್ಟೋ ವರ್ಷವಾಯಿತು, ಸೀಸದ ಕಡ್ಡಿಯಲ್ಲಿ ಗುರುತು ಹಾಕಿದ್ದೇನೆ. ಬೇಡವಾದದ್ದನ್ನು ನೀನು ಅಳಿಸಿಕೊಳ್ಳಬಹುದು.

ಮೊದಲು ಲೆಕ್ಕದ ಮಾತು. ಕರಡಿನಲ್ಲಿ ಸುಮಾರು 2,200 ಪದಗಳಿವೆ, ಅವುಗಳಲ್ಲಿ 1,400ಕ್ಕೂ ಹೆಚ್ಚು ಕಥಾಸಾರಾಂಶಕ್ಕೇ ಹೋಗಿವೆ. ಆರ್ಥರ್ ಅರಸನ ದಂತಕಥೆಯನ್ನು ವಿವರಿಸಲು ಮೂರು ಪ್ಯಾರಾ ತೆಗೆದುಕೊಂಡಿದ್ದೀಯೆ. ನಮ್ಮ ಓದುಗರಿಗೆ ಬೇಕಾದದ್ದು ಇಷ್ಟೇ: ಬ್ರಿಟನ್ನಿನ ಹಳೆಯ ಕಥೆಗಳಲ್ಲಿ ಆರ್ಥರ್ ಎಂಬ ಅರಸನಿದ್ದಾನೆ, ಅವನ ದುಂಡು ಮೇಜಿನ ಸುತ್ತ ಕೂರುವ ವೀರರಿದ್ದಾರೆ; ಟ್ರೇಸಿ ಡಿಯಾನ್ ಅವರ ಈ ಸರಣಿಯಲ್ಲಿ ಅಂಥ ಹದಿಮೂರು ವೀರರ ವಂಶದವರು ಇಂದಿನ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಗುಪ್ತ ಸಂಘ ಕಟ್ಟಿಕೊಂಡು ಪಿಶಾಚಿಗಳೊಂದಿಗೆ ಹೋರಾಡುತ್ತಾರೆ; ಹದಿನಾರರ ಕಪ್ಪು ಹುಡುಗಿ ಬ್ರೀ ತನ್ನ ತಾಯಿಯ ಸಾವಿನ ಸತ್ಯ ಹುಡುಕಿಕೊಂಡು ಆ ಸಂಘದೊಳಗೆ ನುಸುಳುತ್ತಾಳೆ. ಉಳಿದದ್ದನ್ನು ಪುಸ್ತಕವೇ ಹೇಳಲಿ.

ಮೊದಲ ಸಂಪುಟದ ಕೊನೆಯಲ್ಲಿ ಬಯಲಾಗುವ ಗುಟ್ಟನ್ನು ನೀನು ಎರಡನೆಯ ಪುಟದಲ್ಲೇ ಹೇಳಿಬಿಟ್ಟಿದ್ದೀಯೆ. ಈ ಪತ್ರ ಇನ್ನೊಬ್ಬರ ಕೈಗೆ ಸಿಕ್ಕೀತೆಂದು ನಾನಿಲ್ಲಿ ಅದನ್ನು ಬರೆಯುವುದಿಲ್ಲ. ಗುಟ್ಟನ್ನು ಮುಟ್ಟದೆ ಅದರ ಭಾರವನ್ನು ಹೇಳಲು ದಾರಿಯಿದೆ. ಕನ್ನಡದ ಓದುಗರಿಗೆ ಕರ್ಣ ಗೊತ್ತು. ಯುದ್ಧದ ಹೊಸ್ತಿಲಲ್ಲಿ ಹುಟ್ಟಿನ ಸುದ್ದಿ ತಿಳಿದವನಿಗೆ ಅದು ಬಿಡುಗಡೆಯಾಗದೆ ಹೊರೆಯಾಯಿತು ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅವನ ಹೆಸರೆತ್ತಿ ಒಂದು ಸಾಲು ಬರೆದು ಮುಂದೆ ಸಾಗು.

ಇನ್ನು ‘ಅಸ್ಮಿತೆ ಮತ್ತು ಶೋಕದ ಮನೋಜ್ಞ ಪಯಣ’ ಎಂಬ ನಿನ್ನ ವಾಕ್ಯ. ಇದನ್ನು ಯಾವ ಪುಸ್ತಕದ ಹಿಂಬದಿಗೆ ಅಂಟಿಸಿದರೂ ಅಂಟಿಕೊಳ್ಳುತ್ತದೆ, ಆದ್ದರಿಂದ ಈ ಪುಸ್ತಕಕ್ಕೆ ಅದು ಸೇರಿದ್ದಲ್ಲ. ಅದರ ಬದಲು ಏನು ಬರೆಯಬಹುದಿತ್ತು ಎಂದು ಹುಡುಕುತ್ತ ಮೊದಲ ಸಂಪುಟದ ಆರಂಭಕ್ಕೆ ಮರಳಿದೆ. ತಾಯಿ ಸಾಯುವ ಮುನ್ನ ಬ್ರೀ ಅವಳೊಂದಿಗೆ ಜಗಳವಾಡಿರುತ್ತಾಳೆ. ತಾಯಿ ಓದಿದ ವಿಶ್ವವಿದ್ಯಾಲಯಕ್ಕೇ ತಾಯಿಗೆ ತಿಳಿಸದೆ ಅರ್ಜಿ ಹಾಕಿದ್ದೇ ಜಗಳಕ್ಕೆ ಕಾರಣ. ಅಪಘಾತದಲ್ಲಿ ತಾಯಿ ತೀರಿಕೊಂಡ ಮೇಲೆ ಆ ಹುಡುಗಿ ತನ್ನನ್ನು ಎರಡು ಮಾಡಿಕೊಳ್ಳುತ್ತಾಳೆ: ಮುಂಚಿನ ಬ್ರೀ, ಆಮೇಲಿನ ಬ್ರೀ. ಆಮೇಲಿನವಳು ಒಳಗಿನಿಂದ ಉಕ್ಕಿ ಬರುವಾಗಲೆಲ್ಲ ಅವಳನ್ನು ಗೋಡೆ ಕಟ್ಟಿ ಒಳಗೇ ತಡೆಯುತ್ತಾಳೆ. ಅಸ್ಮಿತೆ, ಶೋಕ ಎಂದು ನೀನು ಬೇರೆಬೇರೆಯಾಗಿ ಹೆಸರಿಸಿದ ಎರಡೂ ಇಲ್ಲಿ ಒಂದೇ ಗಾಯ. ‘ನಾನು ಯಾರು’ ಎಂಬ ಪ್ರಶ್ನೆ ಹುಟ್ಟುವುದೇ ‘ಅವಳಿಲ್ಲದೆ’ ಎಂಬ ಮಾತಿನ ಬೆನ್ನಿಗೆ. ಇದನ್ನು ನಿನ್ನ ಓದುಗನಿಗೆ ತೋರಿಸಬೇಕಾದರೆ ಆ ಜಗಳದ ಪುಟವನ್ನು ತೆರೆದಿಡು. ವಿಶೇಷಣಗಳನ್ನು ಹೊಡೆದುಹಾಕು, ‘ಮನೋಜ್ಞ’ ನಾಲ್ಕು ಸಲ ಬಂದಿದೆ, ನಾಲ್ಕಕ್ಕೂ ಗುರುತು ಹಾಕಿದ್ದೇನೆ.

ಇಂಥ ಸರಣಿಯನ್ನು ವಿಮರ್ಶಿಸುವಾಗ ನಾನಾದರೆ ಕೇಳುವ ಪ್ರಶ್ನೆ ಒಂದು: ಇಲ್ಲಿಯ ಮಾಟವು ದುಃಖವನ್ನು ಅಗ್ಗ ಮಾಡುತ್ತದೆಯೇ? ಸತ್ತವರು ಮಂತ್ರದಿಂದ ಎದ್ದುಬರಬಹುದಾದರೆ ಅಳುವುದಕ್ಕೆ ಏನೂ ಉಳಿಯುವುದಿಲ್ಲ. ಅವರು ಎಂದೂ ಬರುವಂತಿಲ್ಲ, ಮಾಟವೂ ಆ ಕಡೆ ಸುಳಿಯುವುದಿಲ್ಲ ಎಂದಾದರೆ ಮಾಟವಿರುವುದಾದರೂ ಏತಕ್ಕೆ? ಈ ಎರಡರ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಲೇಖಕಿ ಹೇಗೆ ನಡೆದಿದ್ದಾರೆ ಎಂಬುದರಲ್ಲೇ ಅವರ ಕಸುಬು ಕಾಣುತ್ತದೆ. ಆಸ್ಪತ್ರೆಯ ಆ ರಾತ್ರಿಯ ನೆನಪನ್ನು ಮಂತ್ರ ಹಾಕಿ ಮಸುಕು ಮಾಡಲಾಗಿದೆ ಎಂಬ ಒಂದು ಸಂಗತಿಯಿಂದ ಇಡೀ ಕಥೆ ಹೊರಡುತ್ತದೆ. ಮಾಟ ಇಲ್ಲಿ ಸತ್ತವಳನ್ನು ಎಬ್ಬಿಸುವುದಿಲ್ಲ. ಉಳಿದವಳ ದುಃಖದಿಂದ ಒಂದು ತುಣುಕನ್ನು ಕದಿಯುತ್ತದೆ, ಅವಳು ಅದನ್ನು ಮರಳಿ ಕೇಳುತ್ತಾಳೆ. ಕಣ್ಣೆದುರೇ ಕಳೆದುಕೊಂಡವರ ಕೊನೆಯ ಗಳಿಗೆಯನ್ನು ಸರಿಯಾಗಿ ನೆನಪಿಸಿಕೊಳ್ಳಲಾಗದೆ ಒದ್ದಾಡಿದ ಯಾರಿಗೂ ಇದು ಬರಿಯ ಮಾಟದ ಕಥೆಯಾಗಿ ತೋರುವುದಿಲ್ಲ. ಇದರ ಬಗ್ಗೆ ನಿನ್ನ ಕರಡಿನಲ್ಲಿ ಒಂದೂ ಸಾಲಿಲ್ಲದಿರುವುದು ನನಗೆ ಆಶ್ಚರ್ಯ. ಪ್ರೇಮತ್ರಿಕೋನಕ್ಕೆ ಒಂದೂವರೆ ಪುಟ ಸಿಕ್ಕಿದೆ!

ಈಗ ಹೇಳಲು ಕಷ್ಟವಾದ ಮಾತು. ನಿನ್ನ ಕರಡು ನಿನ್ನ ಅಜ್ಜಿಯ ಸಾವಿನಿಂದ ಆರಂಭವಾಗುತ್ತದೆ. ಆ ಪುಟ ಚೆನ್ನಾಗಿದೆ, ಅದರ ಕೆಲವು ಸಾಲುಗಳು ಉಳಿದೆಲ್ಲಕ್ಕಿಂತ ಚೆನ್ನಾಗಿವೆ. ಆದರೆ ಅದು ವಿಮರ್ಶೆಯಲ್ಲ, ಅದನ್ನು ಎತ್ತಿಟ್ಟುಕೊಂಡು ಮುಂದೊಂದು ದಿನ ಬೇರೆಯಾಗಿ ಬರೆ. ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ನನ್ನ ತಾಯಿ ತೀರಿಕೊಂಡ ವರ್ಷ ಒಂದು ಮಾಸಪತ್ರಿಕೆಯವರು ಕಾದಂಬರಿಯೊಂದನ್ನು ವಿಮರ್ಶೆಗೆ ಕಳಿಸಿದರು. ಅದರಲ್ಲಿಯೂ ಒಬ್ಬ ತಾಯಿ ಸಾಯುತ್ತಾಳೆ. ಓದುತ್ತ ಅತ್ತೆ, ಅತ್ತ ಕಾರಣಕ್ಕೇ ಅದನ್ನು ಮಹತ್ವದ ಕೃತಿಯೆಂದು ಬರೆದೆ, ಅಚ್ಚಾಯಿತು, ನಾಲ್ಕು ಜನ ಮೆಚ್ಚಿದರು. ಇಪ್ಪತ್ತು ವರ್ಷಗಳ ನಂತರ ಅದೇ ಪುಸ್ತಕ ಕೈಗೆ ಸಿಕ್ಕಾಗ ಓದಿ ನೋಡಿದರೆ ತೆಳ್ಳಗಿನ ನೀರುಮಜ್ಜಿಗೆ. ಅಂದಿನ ಕಣ್ಣೀರು ನನ್ನದಾಗಿತ್ತು, ಪುಸ್ತಕ ಅದಕ್ಕೆ ನೆಪವಾಗಿತ್ತು ಅಷ್ಟೆ. ಓದುತ್ತ ಅಳಬೇಡವೆಂದು ನಾನು ಹೇಳುತ್ತಿಲ್ಲ. ಅತ್ತ ಪುಟಕ್ಕೆ ಮರುದಿನ ಮತ್ತೆ ಹೋಗಿ, ಆ ಅಳುವನ್ನು ಬರಿಸಿದ್ದು ಯಾವ ವಾಕ್ಯ, ಯಾವ ಮೌನ, ಅಥವಾ ಪುಟದಾಚೆ ನಿನ್ನಲ್ಲೇ ಇದ್ದ ಯಾವ ನೆನಪು ಎಂದು ಬೇರ್ಪಡಿಸಿ ನೋಡು ಎನ್ನುತ್ತಿದ್ದೇನೆ.

ಲೇಖಕಿಯ ಜೀವನದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಡಿಯಾನ್ ತಮ್ಮ ತಾಯಿಯನ್ನು ಕಳೆದುಕೊಂಡದ್ದನ್ನು ಪುಸ್ತಕದ ಕೊನೆಯ ಟಿಪ್ಪಣಿಯಲ್ಲಿ ಅವರೇ ಬರೆದಿದ್ದಾರೆ, ಅದನ್ನು ನೀನು ಪುರಾವೆಯಂತೆ ಮುಂದಿಟ್ಟಿದ್ದೀಯೆ. ನಮ್ಮ ಕೊಡಗಿನ ಗೌರಮ್ಮನವರಿಗೆ ಏನಾಯಿತು ನೋಡು. 1912ರಲ್ಲಿ ಹುಟ್ಟಿ 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡ ಆ ಹೆಣ್ಣುಮಗಳ ಸಂಕಲನದ ಹೆಸರು ‘ಕಂಬನಿ’ ಎಂಬ ಕಾರಣಕ್ಕೆ, ಅವರ ಕಥೆಗಳ ಒಳಗಿರುವ ತುಂಟತನವನ್ನೂ ವಿಧವೆಯರ ಬಗ್ಗೆ ಅವರು ಕೇಳಿದ ಮೊನಚು ಪ್ರಶ್ನೆಗಳನ್ನೂ ಬಿಟ್ಟು, ಎಲ್ಲವನ್ನೂ ಆ ಸಾವಿನ ನೆರಳಿನಲ್ಲೇ ಓದುವವರು ಇಂದಿಗೂ ಇದ್ದಾರೆ. ಕಥೆ ಬರೆಯುವಾಗ ಆಕೆಗೆ ಆ ನೀರಿನ ಸುಳಿವಿರಲಿಲ್ಲ. ಬದುಕಿನ ಸಂಗತಿಯನ್ನು ವಿಮರ್ಶೆಯಲ್ಲಿ ಹೇಳಬಾರದೆಂದಿಲ್ಲ. ಆದರೆ ಪುಟದ ಮೇಲೆ ಇಲ್ಲದ ಬಲವನ್ನು ಅದರಿಂದ ಸಾಲ ತರುವಂತಿಲ್ಲ.

ನಿನ್ನ ಕರಡಿನಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಕೈಮಡದ, ಅಂದರೆ ಹಿರಿಯರ ಗುಡಿಯ, ಪ್ಯಾರಾದಲ್ಲಿ. ಬ್ರೀಯ ಆಪ್ತಸಮಾಲೋಚಕಿ ಅವಳನ್ನು ವಿಶ್ವವಿದ್ಯಾಲಯದ ಊರಾದ ಚಾಪೆಲ್ ಹಿಲ್‌ನ ಹಳೆಯ ಸ್ಮಶಾನಕ್ಕೆ ಕರೆದೊಯ್ಯುತ್ತಾಳಲ್ಲ, ಪೂರ್ವಿಕರ ಶಕ್ತಿಯನ್ನು ಎರವಲು ಪಡೆಯುವ ವಿದ್ಯೆಯನ್ನು ತೋರಿಸುತ್ತಾಳಲ್ಲ, ಅದನ್ನು ಓದಿ ‘ಇದು ನಮ್ಮ ಕಾರಣಂಗ್ ಕೊಡ್‌ಪದಂತೆಯೇ’ ಎಂದು, ನಿಮ್ಮ ಕೊಡವರು ಹಿರಿಯರಿಗೆ ಎಡೆಯಿಡುವ ಆಚರಣೆಗೆ ಹೋಲಿಸಿ ಬರೆದಿದ್ದೀಯೆ. ಹೋಲಿಕೆ ಹೊಳೆದದ್ದು ಒಳ್ಳೆಯದು, ಅದು ಬೇರೆ ಯಾವ ಊರಿನ ವಿಮರ್ಶಕರಿಗೂ ಹೊಳೆಯದು. ಆದರೆ ‘ಯೇ’ ಎಂಬ ಆ ಅವಧಾರಣೆಯಲ್ಲಿ ನೀನು ಅವಸರಪಟ್ಟೆ. ನಿಮ್ಮ ಕುಲದ ಮೂಲಮನೆಯಾದ ಐನ್‌ಮನೆಯ ಹಿರಿಯರಿಗೆ ವರ್ಷಕ್ಕೊಮ್ಮೆ ಎಲೆ ಹಾಕಿ ಮಾಂಸ, ಮದ್ಯ ಇಡುವಾಗ ಆ ಗುರು ಕಾರಣ, ಅಂದರೆ ಮೂಲಪುರುಷ, ಯಾರೆಂದು ಇಡೀ ಒಕ್ಕಕ್ಕೆ, ಎಂದರೆ ಕುಲಕ್ಕೆ, ಗೊತ್ತಿರುತ್ತದೆ. ಕೈಮಡ ಇರುವ ಜಾಗ ಗೊತ್ತು, ಒಕ್ಕದ ಹೆಸರು ನಿನ್ನ ಹೆಸರಿನ ಮುಂದೆಯೇ ಇದೆ. ಅಲ್ಲಿ ಹಾಗಿಲ್ಲ. 1795ರಲ್ಲಿ ಬಾಗಿಲು ತೆರೆದ ಆ ವಿಶ್ವವಿದ್ಯಾಲಯದ ಹಳೆಯ ಕಟ್ಟಡಗಳಿಗೆ ದುಡಿದವರಲ್ಲಿ ಗುಲಾಮರೂ ಇದ್ದರು. ಅಲ್ಲಿಯ ಸ್ಮಶಾನದಲ್ಲಿ ಬಿಳಿಯರ ಗೋರಿಗಳನ್ನೂ ಕಪ್ಪು ಜನರ ಗೋರಿಗಳನ್ನೂ ಬೇರ್ಪಡಿಸುವ ಒಂದು ಗಿಡ್ಡ ಕಲ್ಲುಗೋಡೆಯಿದೆ. ಗೋಡೆಯ ಒಂದು ಬದಿಯ ಎಷ್ಟೋ ಗೋರಿಗಳ ಮೇಲೆ ಹೆಸರೇ ಇಲ್ಲ. ಆರ್ಥರನ ವೀರರ ವಂಶಸ್ಥರು ಶತಮಾನಗಳ ವಂಶಾವಳಿಯನ್ನು ಬಾಯಿಪಾಠ ಒಪ್ಪಿಸುವ ಊರಿನಲ್ಲಿ ಬ್ರೀ ತನ್ನ ತಾಯಿಯ ತಾಯಿಯ ಆಚೆಗಿನವರ ಹೆಸರುಗಳಿಗಾಗಿ ಮಣ್ಣು ತಡಕಬೇಕಾಗುತ್ತದೆ. ನೀನು ‘ಒಂದೇ’ ಎಂದ ಜಾಗದಲ್ಲಿ ನಿಜವಾಗಿ ಇರುವುದು ಈ ಅಂತರ.

ಇನ್ನೂ ಒಂದು ಹೆಜ್ಜೆ ಹೋಗು. ಬ್ರೀಯ ಶಕ್ತಿ ಬರುವುದು ತಾಯಂದಿರ ಕಡೆಯಿಂದ. ಒಕ್ಕದ ಹೆಸರಾದರೋ ತಂದೆಯ ಕಡೆಯಿಂದ ಇಳಿಯುತ್ತದೆ. ಮದುವೆಯಾದ ಹೆಣ್ಣು ಗಂಡನ ಒಕ್ಕಕ್ಕೆ ಸೇರುತ್ತಾಳೆ. ಹಾಗಿರುವಾಗ ನೀನು ಅಳುತ್ತ ಬರೆದ ಆ ಅಜ್ಜಿ, ನಿನ್ನ ತಾಯಿಯ ತಾಯಿ, ನಿನ್ನ ಐನ್‌ಮನೆಯ ಯಾವ ಎಲೆಯ ಮುಂದೆ ಇದ್ದಾಳೆ? ಆಕೆಯ ತಾಯಿ ಯಾವ ಒಕ್ಕದಿಂದ ಬಂದವಳೆಂದು ನಿನಗೆ ಗೊತ್ತೇ? ಹೊರಗಿನಿಂದ ಬಂದು ಈ ಊರಿನಲ್ಲಿ ನಲವತ್ತು ವರ್ಷ ಕಳೆದವಳು ನಾನು, ಇದಕ್ಕೆ ಉತ್ತರಿಸುವ ಅಧಿಕಾರ ನನಗಿಲ್ಲ. ನಿನಗಿದೆ. ಅಮೆರಿಕದ ಹುಡುಗಿಯ ಕಥೆಯಿಂದ ಈ ಪ್ರಶ್ನೆ ನಿನ್ನ ಮನೆಯ ಅಂಗಳಕ್ಕೆ ಬಂದಿತೆಂದು ಎರಡು ವಾಕ್ಯಗಳಲ್ಲಿ ಬರೆದರೆ ಅಜ್ಜಿ ವಿಮರ್ಶೆಯೊಳಗೆ ತನ್ನಷ್ಟಕ್ಕೆ ಬಂದು ಕೂರುತ್ತಾಳೆ, ಆರಂಭದ ಪುಟ ಬೇಕಾಗುವುದಿಲ್ಲ.

ಭಾಷೆಯ ಬಗ್ಗೆ ಒಂದೆರಡು ಮಾತು. ಮನುಷ್ಯರ ಭಯ, ಕೋಪ, ಕಲಹಗಳನ್ನು ಉಂಡು ಬೆಳೆಯುವ ಅಲ್ಲಿಯ ದುಷ್ಟಜೀವಿಗಳನ್ನು ನೀನು ‘ಭೂತ’ ಎಂದಿದ್ದೀಯೆ. ಬೆಂಗಳೂರಿನವರು ಹಾಗೆ ಬರೆದರೆ ಸುಮ್ಮನಿರಬಹುದು. ದೈವದ ಕೋಲವಾದ ತೆರೆ ಕಟ್ಟಿ, ಗುಳಿಗ ದೈವಕ್ಕೆ ಹರಕೆ ಹೊತ್ತು ಬೆಳೆದ ಊರಿನವಳು ಹಾಗೆ ಬರೆಯಬಾರದು. ನಮ್ಮ ಕಡೆ ಭೂತವೆಂದರೆ ಕೈಮುಗಿಯುವ ದೈವ, ಓಡಿಸುವ ಪೀಡೆಯಲ್ಲ. ‘ಪಿಶಾಚಿ’ ಸಾಕು. ‘ಮರ್ಲಿನ್’ ಎಂಬುದನ್ನು ಒಬ್ಬ ಮಾಂತ್ರಿಕನ ಹೆಸರೆಂದು ತಿಳಿದಿರುವ ಓದುಗರಿಗೆ, ಈ ಸರಣಿಯಲ್ಲಿ ಅದೊಂದು ಪದವಿಯ ಹೆಸರು, ಹಲವು ಮರ್ಲಿನ್‌ಗಳಿದ್ದಾರೆ ಎಂದು ಒಮ್ಮೆ ಹೇಳಿಬಿಡು. ಶೋಕದ ಪದಗಳಿಗಾಗಿ ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ಕೊಡವ ಹಾಡುಗಳ ಸಂಗ್ರಹ ‘ಪಟ್ಟೋಲೆ ಪಳಮೆ’ಯನ್ನು ತೆರೆದು ನೋಡು. ಮದುವೆ, ಹಬ್ಬಗಳ ಹಾಡುಗಳ ಜೊತೆ ಸಾವಿನ ಹಾಡುಗಳೂ ಅದರಲ್ಲಿವೆ. ಅವನ್ನು ವಿಮರ್ಶೆಯಲ್ಲಿ ಉದ್ಧರಿಸಬೇಕಿಲ್ಲ, ಕಿವಿಗೆ ಬಿದ್ದಿದ್ದರೆ ಸಾಕು.

ದೋಷಗಳನ್ನು ಬರೆಯಲು ನೀನು ಅಂಜಿದ್ದೀಯೆ ಎಂದು ತೋರುತ್ತದೆ. ಮೊದಲ ಸಂಪುಟದಲ್ಲಿ ಸಂಘದ ನಿಯಮಗಳು, ಪದವಿಗಳು, ಶಾಖೆಗಳು ಒಮ್ಮೆಲೇ ಎರಗಿ, ದಾರಿ ತಪ್ಪಿದಂತಾಗುವ ಪುಟಗಳಿವೆ. ನಾನು ಬೆನ್ನುಪುಟದಲ್ಲಿ ಪಟ್ಟಿ ಬರೆದಿಟ್ಟುಕೊಂಡು ಓದಿದೆ (ಕ್ಷಮಿಸು, ಪುಸ್ತಕ ನಿನ್ನದು). ಪ್ರಶಸ್ತಿ ಬಂದ ಪುಸ್ತಕವೆಂದು ಇದನ್ನು ಬಿಡಬೇಡ. ಹಾಗೆಯೇ ‘ಇದು ಮಕ್ಕಳ ಪುಸ್ತಕವಾದ್ದರಿಂದ’ ಎಂಬ ರಿಯಾಯಿತಿಯನ್ನೂ ಕೊಡಬೇಡ. ಹದಿಹರೆಯದವರ ಸಾಹಿತ್ಯಕ್ಕೆ ಕನ್ನಡದಲ್ಲಿ ಇನ್ನೂ ನೆಲೆಗೊಂಡ ಹೆಸರಿಲ್ಲ, ಹೆಸರಿಲ್ಲದ್ದಕ್ಕೆ ನಾವು ಮರ್ಯಾದೆ ಕೊಡುವುದು ಕಡಿಮೆ. ಮೊದಲ ಸಂಪುಟ ಬಂದದ್ದು 2020ರಲ್ಲಿ, ಎರಡನೆಯದು 2022ರಲ್ಲಿ, ಮೂರನೆಯದು 2025ರಲ್ಲಿ. ಹದಿನಾಲ್ಕರಲ್ಲಿ ಮೊದಲನೆಯದನ್ನು ಓದಿದವಳಿಗೆ ಮೂರನೆಯದು ಕೈಗೆ ಬರುವಾಗ ಹತ್ತೊಂಬತ್ತು. ಬ್ರೀಗೆ ಮಾತ್ರ ಅಷ್ಟು ವಯಸ್ಸಾಗಿರುವುದಿಲ್ಲ. ಸೂತಕಕ್ಕೆ ಲೆಕ್ಕದ ದಿನಗಳಿವೆ, ಸಾವಿನ ಕೊನೆಯ ಕರ್ಮವಾದ ಮಾದ ಕಳೆದರೆ ಊರಿನ ಪಾಲಿಗೆ ಸಾವು ಮುಗಿಯಿತು. ಒಬ್ಬ ಹುಡುಗಿಯ ದುಃಖದ ಜೊತೆ ಐದು ವರ್ಷ ಕಾದು ನಿಂತ ಓದುಗರಿಗೆ ಏನಾಗುತ್ತದೆ ಎಂಬುದನ್ನು ನೀನು ಬರೆಯಬಲ್ಲೆ, ನಾನು ಬರೆಯಲಾರೆ. ಎರಡು ಸಂಪುಟಗಳನ್ನೂ ನಾನು ಹದಿನೈದೇ ದಿನಗಳಲ್ಲಿ ಓದಿದವಳು.

ಕರಡನ್ನು ಈ ಪತ್ರದೊಂದಿಗೆ ಇಟ್ಟಿದ್ದೇನೆ. ಅಜ್ಜಿಯ ಪುಟವನ್ನು ಬೇರೆ ಲಕೋಟೆಯಲ್ಲಿ ಹಾಕಿದ್ದೇನೆ, ಅದಕ್ಕೆ ಸೀಸದ ಕಡ್ಡಿ ಸೋಕಿಸಿಲ್ಲ. ಹೊಸ ಕರಡು 1,000 ಪದ ಮೀರದಿರಲಿ. ಕೈಲ್ ಪೋದ್ ಹಬ್ಬದ ಹೊತ್ತಿಗೆ ಮಳೆ ಇಳಿದಿರುತ್ತದೆ, ಆಗ ನೀನೇ ತಂದುಕೊಡು. ಬರುವಾಗ ಮೂರನೆಯ ಸಂಪುಟವನ್ನೂ ಮರೆಯದೆ ತಾ, ಎರಡನೆಯದರ ಕೊನೆಯಿಂದಾಚೆಗೆ ಆ ಹುಡುಗಿಗೆ ಏನಾಯಿತೆಂದು ತಿಳಿಯದೆ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ.

ಇಂತು ನಿನ್ನ
ಟೀಚರ್