ರಘು, ಬಿಪಿ ಮಾತ್ರೆ ನೀನಾಗಿ ನಿಲ್ಲಿಸಬೇಡ

ಪ್ರೀತಿಯ ರಘು,

ಅಕ್ಕ ಫೋನ್ ಮಾಡಿದ್ದಳು. ನಿನ್ನ ಎಡಗಡೆ ಕಿಡ್ನಿಗೆ ಹೋಗುವ ರಕ್ತನಾಳ ಕಿರಿದಾಗಿದೆ ಅಂತ ಡಾಪ್ಲರ್ ಸ್ಕ್ಯಾನ್‌ನಲ್ಲಿ ಬಂದದ್ದು, ನಾಳ ತೆರೆದಿಡಲು ಒಳಗೆ ಹಾಕುವ ಜಾಲರಿ ಕೊಳವೆ, ಅಂದರೆ ಸ್ಟೆಂಟ್, ಸದ್ಯಕ್ಕೆ ಬೇಡ ಅಂತ ಡಾಕ್ಟರು ಅಂದದ್ದು, ಕಿಡ್ನಿಗೆ ಕೆಟ್ಟದ್ದು ಅಂತ ಯಾವುದೋ ವಿಡಿಯೋದಲ್ಲಿ ಹೇಳಿದ್ದು ಕೇಳಿ ನೀನು ಬಿಪಿ ಮಾತ್ರೆ ಟೆಲ್ಮಿಸಾರ್ಟನ್ ಬಿಟ್ಟದ್ದು, ಎಲ್ಲ ಹೇಳಿದಳು. ನನಗೂ ಇದೇ ತೊಂದರೆ, ಅದೂ ಎರಡೂ ಕಡೆ. ಅದಕ್ಕೇ ಬರೆಯುತ್ತಿದ್ದೇನೆ. ಮಾತ್ರೆ ಬಿಟ್ಟಿದ್ದೇನೆ ಅಂತ ಇವತ್ತೇ ನಿನ್ನ ಡಾಕ್ಟರಿಗೆ ಹೇಳು. ಮಿಕ್ಕದ್ದು ಆಮೇಲೆ ಓದಿದರೂ ಆದೀತು.

ನಮ್ಮ ತೋಟದ ಕೊನೇ ಸಾಲಿಗೆ ನೀರು ಹತ್ತದಿದ್ದಾಗ ಪಂಪು ಜೋರು ಮಾಡು ಅಂತ ಅಲ್ಲಿಂದ ಕೂಗುತ್ತೇವಲ್ಲ, ನಿನ್ನ ಎಡ ಕಿಡ್ನಿ ಮಾಡುತ್ತಿರುವುದೂ ಅದೇ. ತನಗೆ ರಕ್ತ ಕಡಿಮೆ ಬಂದರೆ ಮೈಯಲ್ಲೇ ರಕ್ತ ಕಡಿಮೆಯಾಗಿದೆ ಅಂದುಕೊಂಡು ರೆನಿನ್ ಅನ್ನುವ ರಾಸಾಯನಿಕವನ್ನು ರಕ್ತಕ್ಕೆ ಬಿಡುತ್ತದೆ, ಅದರಿಂದ ಬಿಪಿ ಏರುತ್ತದೆ. ಆ ಏರಿದ ಬಿಪಿಯ ಪೆಟ್ಟು ಚೆನ್ನಾಗಿರುವ ಬಲ ಕಿಡ್ನಿಗೆ ಬೀಳುತ್ತದೆ. ಟೆಲ್ಮಿಸಾರ್ಟನ್ ತಡೆಯುವುದು ಇದನ್ನೇ.

ವಿಡಿಯೋದವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಎರಡೂ ಕಡೆ ಕಿರಿದಾಗಿದ್ದರೆ, ಅಥವಾ ಇರುವುದೇ ಒಂದು ಕಿಡ್ನಿಯಾಗಿ ಅದರ ನಾಳ ಕಿರಿದಾಗಿದ್ದರೆ, ಈ ಮಾತ್ರೆಯಿಂದ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸರಿಯಾಗಿ ಸೋಸದಿದ್ದರೆ ರಕ್ತದಲ್ಲಿ ಉಳಿಯುವ ಕಸ, ಏರಬಹುದು. ಅದಕ್ಕೇ ಶುರು ಮಾಡಿದ ಒಂದೆರಡು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಸುವುದು. ಸ್ವಲ್ಪ ಏರಿದರೆ ಗಾಬರಿಯಿಲ್ಲ. ಮೊದಲಿದ್ದದ್ದಕ್ಕಿಂತ ಶೇಕಡಾ 30ಕ್ಕೂ ಜಾಸ್ತಿ ಏರಿದರೆ ಡಾಕ್ಟರು ಡೋಸ್ ಇಳಿಸುತ್ತಾರೆ, ಇಲ್ಲವೇ ಬೇರೆ ಮಾತ್ರೆ ಕೊಡುತ್ತಾರೆ. ಆ ಟೆಸ್ಟ್ ನೀನು ಮಾಡಿಸಿಯೇ ಇಲ್ಲವಂತೆ. ಟೆಸ್ಟ್ ಬಿಟ್ಟು, ಮಾತ್ರೆಯನ್ನೂ ಬಿಟ್ಟರೆ ಹೇಗಪ್ಪಾ?

ಸ್ಟೆಂಟ್ ಹೃದಯಕ್ಕೆ ಹಾಕುತ್ತಾರೆ, ಕಿಡ್ನಿಗೆ ಯಾಕೆ ಹಾಕುವುದಿಲ್ಲ ಅಂತ ಕೇಳಿದೆಯಂತೆ. ಕೊಬ್ಬು ಕಟ್ಟಿ ಕಿರಿದಾದ ನಾಳಕ್ಕೆ ಸ್ಟೆಂಟ್ ಹಾಕಿದರೆ ಲಾಭವಿದೆಯಾ ಅಂತ ಅಮೆರಿಕ ಮೊದಲಾದ ಕಡೆ 947 ಜನರ ಮೇಲೆ ನೋಡಿದ್ದಾರೆ, 2014ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಸರಿಯಾಗಿ ಮಾತ್ರೆ ತಗೊಂಡವರಿಗೂ, ಮಾತ್ರೆಯ ಜೊತೆ ಸ್ಟೆಂಟ್ ಹಾಕಿಸಿಕೊಂಡವರಿಗೂ, ಹೃದಯಾಘಾತ, ಸ್ಟ್ರೋಕ್, ಕಿಡ್ನಿ ಹಾಳಾಗುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೂರ್ನಾಲ್ಕು ಮಾತ್ರೆಗೂ ಬಿಪಿ ಇಳಿಯದಿದ್ದರೆ, ಶ್ವಾಸಕೋಶದಲ್ಲಿ ದಿಢೀರನೆ ನೀರು ತುಂಬಿದರೆ, ಕಿಡ್ನಿ ಬೇಗ ಬೇಗ ಸೋಲುತ್ತಿದ್ದರೆ ಆಗ ಮಾತು ಬೇರೆ. ಚಿಕ್ಕ ವಯಸ್ಸಿನ ಹೆಂಗಸರಲ್ಲಿ ಬೇರೆ ಕಾರಣಕ್ಕೆ ನಾಳ ಕಿರಿದಾಗುವುದುಂಟು, ಅವರ ದಾರಿಯೂ ಬೇರೆ. ನಿನ್ನದು ಸಿಗರೇಟು, ಕೊಲೆಸ್ಟ್ರಾಲ್‌ನಿಂದ ಬಂದದ್ದು. ಆ ಸಿಗರೇಟು ಬಿಡು ಮಾರಾಯ. ಕೊಲೆಸ್ಟ್ರಾಲ್ ಮಾತ್ರೆಯನ್ನೂ ತಪ್ಪಿಸಬೇಡ.

ನನಗೆ ನಿಜವಾಗಿ ಭಯವಿರುವುದು ನಿನ್ನ ಬೆನ್ನುನೋವಿನ ಮಾತ್ರೆಯದು. ಡೈಕ್ಲೋಫೆನಾಕ್, ಐಬುಪ್ರೊಫೇನ್, ಅಸೆಕ್ಲೋಫೆನಾಕ್ ಯಾವುದೂ ಬೇಡ. ಮೆಡಿಕಲ್ ಶಾಪಿನವರು ಕೇಳದೆ ಕೊಡುತ್ತಾರೆ, ನೀನೇ ಹೆಸರು ಓದಿ ವಾಪಸ್ ಕೊಡು. ನೋವಿದ್ದರೆ ಡಾಕ್ಟರನ್ನು ಕೇಳಿ ಪ್ಯಾರಾಸಿಟಮಾಲ್ ತಗೋ. ವಾಂತಿ ಭೇದಿ ಹತ್ತಿದ ದಿನ ಬಿಪಿ ಮಾತ್ರೆ ನುಂಗುವ ಮೊದಲು ಫೋನ್ ಮಾಡಿ ಕೇಳು. ಮೈಯಲ್ಲಿ ನೀರು ಕಡಿಮೆಯಾದಾಗ ಅದೇ ಮಾತ್ರೆ ಕಿಡ್ನಿಗೆ ಭಾರವಾಗುತ್ತದೆ. ಡೈ ಹಾಕಿ ಸ್ಕ್ಯಾನ್ ಮಾಡುವುದಾದರೆ ಕಿಡ್ನಿ ವಿಷಯ ಮೊದಲೇ ಹೇಳು.

ಊರಲ್ಲಿ ಕೊಲೆಸ್ಟ್ರಾಲ್ ಇಳಿಯುತ್ತದೆ ಅಂತ ಬಿಂಬುಳಿ ರಸ ಕುಡಿಸುವವರಿದ್ದಾರೆ, ಕೇರಳದಲ್ಲಿ ಅದನ್ನು ಕುಡಿದವರ ಕಿಡ್ನಿ ಕೆಟ್ಟದ್ದು ವೈದ್ಯರೇ ವರದಿ ಮಾಡಿದ್ದಾರೆ. ಈಶ್ವರಿ ಬೇರಿನ ಕಷಾಯವೂ ಬೇಡ, ಅದರಲ್ಲಿ ಕಿಡ್ನಿಗೆ ವಿಷವಾದ ಅಂಶವಿದೆ. ಅಕ್ಕ ಪ್ರೀತಿಯಿಂದಲೇ ಕೊಡುತ್ತಾಳೆ, ನಾನೂ ಅವಳಿಗೆ ಹೇಳುತ್ತೇನೆ. ಉಪ್ಪು ದಿನಕ್ಕೆ ಎಲ್ಲ ಸೇರಿ ಒಂದು ಟೀ ಚಮಚದೊಳಗೆ, ಅಂದರೆ 5 ಗ್ರಾಮ್. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸು ಎಲ್ಲ ಅದರ ಲೆಕ್ಕಕ್ಕೇ ಬರುತ್ತವೆ. ಕಡಿಮೆ ಸೋಡಿಯಂ ಉಪ್ಪು ಅಂತ ಮಾರುವುದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಡಾಕ್ಟರನ್ನು ಕೇಳದೆ ತರಬೇಡ.

ಬಿಪಿ ಮೆಷಿನ್ ಕೊಂಡುಕೋ. ಐದು ನಿಮಿಷ ಸುಮ್ನೆ ಕೂತು ಬೆಳಿಗ್ಗೆ ಸಂಜೆ ನೋಡಿ ಬರೆದಿಡು. ತಲೆನೋವಿಲ್ಲ ಅಂದರೆ ಬಿಪಿ ಇಲ್ಲ ಅಂತಲ್ಲ. ಈ ವಾರ ಕ್ರಿಯಾಟಿನಿನ್, ಪೊಟ್ಯಾಸಿಯಂ, ಮೂತ್ರದ ಅಲ್ಬುಮಿನ್ ಮಾಡಿಸು, ರಿಪೋರ್ಟಿನ ಫೋಟೋ ನನಗೂ ಕಳಿಸು. ಡಾಕ್ಟರ ಹತ್ತಿರ ಒಬ್ಬನೇ ಹೋಗಲು ಬೇಸರವಾದರೆ ಹೇಳು, ನಾನು ಬಸ್ಸು ಹತ್ತಿ ಬರುತ್ತೇನೆ.

ನಿನ್ನ ಮಾವ